ನಡುದಾರಿಯ ಊಟ ವಸತಿ

ನನ್ನ ಗಂಡನಿಗೆ ಕೆಲಸ ಹೋದದ್ದು ಮಿಶಿಗನ್ನಿನ ಆಬರ್ನ್ ಹಿಲ್ಸ್‌ನಲ್ಲಿ, ಮತ್ತೆ ಸಿಕ್ಕಿದ್ದು ಶಿಕಾಗೋ ಪಕ್ಕದ ಲಿಸ್ಲ್‌ನಲ್ಲಿ. ನಡುವೆ ಸುಮಾರು ಮುನ್ನೂರು ಮೈಲಿ. ರಿಸೆಷನ್ನಿನ ಆ ವರ್ಷಗಳಲ್ಲಿ ಡೆಟ್ರಾಯಿಟ್ ಸುತ್ತಮುತ್ತ ಕಾರಿನ ಕಂಪನಿಗಳನ್ನು ನಂಬಿಕೊಂಡಿದ್ದವರು ಎಲ್ಲಿ ಕೆಲಸ ಸಿಕ್ಕಿದರೆ ಅಲ್ಲಿಗೆ ಹೋಗುತ್ತಿದ್ದರು. ನಮ್ಮ ಬಡಾವಣೆಯಲ್ಲೇ ಒಬ್ಬರು ಟೆಕ್ಸಸ್‌ಗೆ ಹೋದರು, ಇನ್ನೊಬ್ಬರು ಸಾಮಾನು ಕಟ್ಟಿಕೊಂಡು ಬೆಂಗಳೂರಿಗೇ ವಾಪಸ್ಸಾದರು. ನಿಮ್ಮದು ಅಷ್ಟು ದೂರವಲ್ಲವಲ್ಲ ಎಂದು ಎಲ್ಲರೂ ನಮಗೆ ಸಮಾಧಾನ ಹೇಳುತ್ತಿದ್ದರು.

ನಾನು ರಾಚೆಸ್ಟರ್ ಹಿಲ್ಸ್‌ನ ನಮ್ಮ ಮನೆಗೆ ಹತ್ತಿರದ ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ಕೆಲಸಕ್ಕಿದ್ದೆ. ಮನೆಮಂದಿಗೆಲ್ಲ ಹೆಲ್ತ್ ಇನ್ಶೂರೆನ್ಸ್ ಬರುತ್ತಿದ್ದದ್ದು ಆ ಕೆಲಸದಿಂದ. ಮಗಳು ಆರನೇ ಕ್ಲಾಸಿನಲ್ಲಿದ್ದಳು. ಮನೆ ಮಾರೋಣವೆಂದರೆ ನೋಡಲು ಬರುವವರೇ ಇರಲಿಲ್ಲ. ಗಂಡನಿಗೆ ಸಿಕ್ಕಿದ್ದೋ ಕಾಂಟ್ರಾಕ್ಟ್ ಕೆಲಸ, ಯಾವಾಗ ಬೇಕಾದರೂ ನಿಲ್ಲಬಹುದಾದದ್ದು. ಹಾಗಾಗಿ ಅವರು ಲಿಸ್ಲ್‌ನಲ್ಲಿ ಒಂದು ಸಣ್ಣ ಅಪಾರ್ಟ್‌ಮೆಂಟು ಹಿಡಿದರು, ನಾನೂ ಮಗಳೂ ಇಲ್ಲೇ ಉಳಿದೆವು.

ಮೊದಲ ಕೆಲವು ತಿಂಗಳು ಅವರು ಪ್ರತಿ ಶುಕ್ರವಾರ ಆಫೀಸು ಮುಗಿಸಿ ನೇರ ಕಾರು ಹತ್ತುತ್ತಿದ್ದರು. ಬಂದವರು ಶನಿವಾರ ಮಧ್ಯಾಹ್ನದವರೆಗೆ ನಿದ್ದೆ, ಭಾನುವಾರ ಊಟವಾದ ಕೂಡಲೇ ಮತ್ತೆ ಹೊರಡುವುದು. ಚಳಿಗಾಲದಲ್ಲಿ ಒಂದು ದಿನ ಕಾಲಮಜೂ ಊರಿನ ಆಚೆ ಹೈವೇಯಲ್ಲಿ ಕಾರು ಜಾರಿ, ಒಂದು ಸುತ್ತು ಸುತ್ತಿ, ಪಕ್ಕದ ಹಳ್ಳದ ಹಿಮದಲ್ಲಿ ಹೋಗಿ ಕೂತಿತು. ಅವರಿಗೆ ಏನೂ ಆಗಲಿಲ್ಲ. ಕಾರು ಎಳೆಯಲು ಬಂದ ಟೋ ಟ್ರಕ್ಕಿನವನು, ಟೈರು ಸರಿಮಾಡುವವರೆಗೆ ಬಿಸಿ ಏನಾದರೂ ಕುಡಿಯುತ್ತಿರಿ ಎಂದು ಅವರನ್ನು ಎಕ್ಸಿಟ್ಟಿನಿಂದ ಎರಡು ಮೈಲಿ ಒಳಗಿನ ಒಂದು ಮನೆಯ ಮುಂದೆ ಇಳಿಸಿ ಹೋದನಂತೆ.

ಆ ಮನೆಯವರ ಫೋನಿನಿಂದಲೇ ನನಗೆ ಕರೆ ಮಾಡಿದರು. ಏಟಾಯಿತಾ ಎಂದು ನಾನು ಕೇಳುತ್ತಿದ್ದರೆ ಅವರು ಸೂಪಿನ ವಿಷಯ ಹೇಳುತ್ತಿದ್ದರು.

"ಹುರುಳಿಕಾಯಿ, ಬೀನ್ಸ್ ಕಾಳು, ಸೊಪ್ಪು ಎಲ್ಲಾ ಹಾಕಿದಾರೆ ಕಣೇ. ಹುಳಿ ಥರಾನೇ ಇದೆ, ಹುಳಿಪುಡಿ ಒಂದಿಲ್ಲ."

"ರೀ, ಇನ್ಮೇಲೆ ಇಷ್ಟು ದೂರ ನೀವೊಬ್ರೇ ಡ್ರೈವ್ ಮಾಡೋದು ಬೇಡ," ಎಂದೆ. "ಅರ್ಧ ದಾರಿ ನಾನು ಬರ್ತೀನಿ."

"ಅರ್ಧ ದಾರಿ ಬಂದು ಏನ್ ಮಾಡ್ತೀಯ? ಗ್ಯಾಸ್ ಸ್ಟೇಷನ್ನಲ್ಲಿ ನಿಂತ್ಕೋತೀಯ?"

ಆಮೇಲೆ ಅವರೇ, "ಇಲ್ಲಿ ಮೇಲ್ಗಡೆ ರೂಮುಗಳಿವೆ ಅಂತ ಬೋರ್ಡ್ ಹಾಕಿದಾರೆ," ಎಂದರು.

ಹಾಗೆ ಶುರುವಾಯಿತು. ತಿಂಗಳಿಗೊಮ್ಮೆ ಅವರು ಶುಕ್ರವಾರ ರಜೆ ಹಾಕಿ, ಹಗಲಿನಲ್ಲಿ ಡ್ರೈವ್ ಮಾಡಿಕೊಂಡು ಮನೆಗೆ ಬರುವುದು, ನಡುವೆ ಒಂದು ಶನಿವಾರ ನಾವಿಬ್ಬರೂ ಅಲ್ಲಿ ಸೇರುವುದು. ಮಗಳನ್ನು ಪಕ್ಕದ ಬೀದಿಯ ಆಂಟಿ ನೋಡಿಕೊಳ್ಳುತ್ತಿದ್ದರು. ಮೈಸೂರಿನವರು, ಮಕ್ಕಳು ಕಾಲೇಜಿಗೆ ಹೋದಮೇಲೆ ಮನೆ ಖಾಲಿ ಎಂದು ಕೊರಗುತ್ತಿದ್ದವರು. "ಮಗೂಗೆ ಶನಿವಾರ ಸ್ವಿಮ್ಮಿಂಗ್ ಕ್ಲಾಸಿದೆ, ನಾನು ಕರ್ಕೊಂಡು ಹೋಗ್ತೀನಿ. ನೀನು ಹೋಗಿ ನಿನ್ನ ಗಂಡನ್ನ ನೋಡ್ಕೊಂಡು ಬಾಮ್ಮ," ಎಂದು ಅವರೇ ನನ್ನನ್ನು ಹೊರಡಿಸಿದರು.

ಆ ಮನೆ ದ್ರಾಕ್ಷಿ ತೋಟದ ನಡುವೆ ಇತ್ತು. ನಡೆಸುತ್ತಿದ್ದವರು ಇಟಲಿಯಿಂದ ಎಷ್ಟೋ ವರ್ಷಗಳ ಹಿಂದೆ ಬಂದು ನೆಲೆಸಿದ್ದ ಗಂಡಹೆಂಡತಿ. ಇಬ್ಬರಿಗೂ ಎಪ್ಪತ್ತರ ಮೇಲೆ ವಯಸ್ಸು. ಅವರ ಊರಿನ ಕಡೆ ತೋಟದವರು ಮನೆಯ ಮೇಲೆ ನಾಲ್ಕಾರು ಕೋಣೆ ಇಟ್ಟುಕೊಂಡು, ಕೆಳಗೆ ತಾವೇ ಅಡುಗೆ ಮಾಡಿ ಬಡಿಸುವುದು ವಾಡಿಕೆಯಂತೆ. ಇಲ್ಲಿಯೂ ಹಾಗೆಯೇ ಮಾಡಿದ್ದರು. ನಮ್ಮ ಕಡೆ 'ಊಟ ವಸತಿ' ಎಂದು ಬೋರ್ಡು ಹಾಕುತ್ತಾರಲ್ಲ, ಅದೇ. ಮೆನು ಇರಲಿಲ್ಲ. ಯಜಮಾನಿ ಅವತ್ತು ಏನು ಮಾಡಿದ್ದಾಳೋ ಅದನ್ನು ತಿನ್ನಬೇಕು. ಕೆಳಗಿನ ಹಾಲಿನಲ್ಲಿ ಒಂದು ಉದ್ದನೆಯ ಮೇಜು, ತಂಗಿದವರೂ ಊಟಕ್ಕೆಂದೇ ಬಂದವರೂ ಎಲ್ಲ ಅಲ್ಲೇ ಒಟ್ಟಿಗೆ ಕೂರುವುದು. ಯಜಮಾನ ವೈನ್ ಬಗ್ಗಿಸುತ್ತ, ಎಲ್ಲರ ಭುಜ ತಟ್ಟುತ್ತ ಓಡಾಡುತ್ತಿದ್ದ.

ನಮ್ಮನ್ನು ಮಾತ್ರ ಆ ಮೇಜಿಗೆ ಕರೆಯಲಿಲ್ಲ.

ಕೋಟು ತೂಗುಹಾಕುವ ಗೋಡೆಯ ಪಕ್ಕ ಇಬ್ಬರು ಕೂರುವಂಥ ಒಂದು ಮೇಜಿತ್ತು. ಮೊದಲ ಸಲ ಯಜಮಾನಿ ನಮ್ಮಿಬ್ಬರನ್ನೂ ನೋಡಿ, ನಮ್ಮ ಡ್ರೈವಿಂಗ್ ಲೈಸೆನ್ಸುಗಳನ್ನು ನೋಡಿ, ಏನೂ ಹೇಳದೆ ಅದನ್ನು ತೋರಿಸಿದಳು. ಕೋಣೆಯೂ ಅಷ್ಟೆ. ಹಜಾರದ ಕೊನೆಯಲ್ಲಿ, ಎರಡು ಒಂಟಿ ಮಂಚಗಳಿದ್ದ ಕೋಣೆ. ಎರಡರ ನಡುವೆ ಒಂದು ದೀಪದ ಮೇಜು, ಅದನ್ನು ಸರಿಸಲು ಬಾರದ ಹಾಗೆ ಗೋಡೆಗೆ ಮೊಳೆ ಹೊಡೆದಿದ್ದರು. ಎರಡನೆಯ ಸಲ ಹೋದಾಗಲೂ ಅದೇ ಮೇಜು, ಅದೇ ಕೋಣೆ. ಮೂರನೆಯ ಸಲ ನಾನೇ ಕೇಳಿದೆ, ಬೇರೆ ಕೋಣೆ ಇದೆಯೇ ಎಂದು. "ಇಲ್ಲ," ಎಂದಳು. ಪಕ್ಕದ ಕೋಣೆಯ ಬಾಗಿಲು ತೆರೆದಿತ್ತು. ಒಳಗೆ ಅಗಲವಾದ ಮಂಚ, ಯಾರೂ ಇರಲಿಲ್ಲ.

ಊಟಕ್ಕೇನೂ ಕಡಿಮೆ ಮಾಡುತ್ತಿರಲಿಲ್ಲ. ನಾವು ಮಾಂಸ ತಿನ್ನುವುದಿಲ್ಲ ಎಂದಾಗ ಮೀನಾದರೂ ತಿನ್ನುತ್ತೀರಲ್ಲ ಎಂದು ಕೇಳಿ, ಅದೂ ಇಲ್ಲವೆಂದಾಗ ಹುಬ್ಬು ಗಂಟಿಕ್ಕಿ ಒಳಗೆ ಹೋಗಿ, ಮೆಕ್ಕೆಜೋಳದ ನುಚ್ಚನ್ನು ಗಂಟಿಲ್ಲದಂತೆ ತಿರುವಿ ಮಾಡಿದ ಮುದ್ದೆಯಂಥದ್ದನ್ನು ಅಣಬೆಯ ಗೊಜ್ಜಿನೊಂದಿಗೆ ತಂದಿಟ್ಟಳು. ಆಮೇಲೆ ಪ್ರತಿ ಸಲವೂ ನಮಗೆಂದೇ ಏನಾದರೂ ಇರುತ್ತಿತ್ತು. ಆದರೆ ತಟ್ಟೆ ಇಟ್ಟು ತಿರುಗಿ ಹೋಗಿಬಿಡುವಳು. ಬೇರೆಯವರ ಹತ್ತಿರ ನಿಂತು, ಸೊಂಟಕ್ಕೆ ಕೈಕೊಟ್ಟು ಮಾತಾಡುವವಳು ನಮ್ಮ ಹತ್ತಿರ ನಿಲ್ಲುತ್ತಿರಲಿಲ್ಲ.

"ನಾವು ಬ್ರೌನ್ ಅಂತ," ಎಂದರು ನನ್ನ ಗಂಡ, ಒಂದು ಶನಿವಾರ ಕೋಣೆಯಲ್ಲಿ ಶೂ ಬಿಚ್ಚುತ್ತ.

ಆ ಮಾತು ನನ್ನ ಮನಸ್ಸಿನಲ್ಲೂ ಇತ್ತು. ಬಾಯಿಬಿಟ್ಟು ಹೇಳಿರಲಿಲ್ಲ.

"ಹಾಗಿದ್ರೆ ರೂಮೇ ಇಲ್ಲ ಅಂತಿದ್ಲು, ಅಲ್ವಾ?"

"ಬಿಸಿನೆಸ್ ಡಲ್ಲಾಗಿದೆ. ಯಾರು ಬಂದ್ರೂ ಬೇಡ ಅನ್ನೋಕಾಗಲ್ಲ. ಮೂಲೇಲಿ ಕೂರಿಸ್ತಾರೆ ಅಷ್ಟೆ."

ಇನ್ನು ಬರುವುದು ಬೇಡ ಎಂದೂ ಮಾತಾಡಿಕೊಂಡೆವು. ಹೈವೇ ಪಕ್ಕದಲ್ಲಿ ಮೋಟೆಲುಗಳು ಬೇಕಾದಷ್ಟಿದ್ದವು. ಒಂದು ಸಲ ಅಂಥದ್ದರಲ್ಲಿ ತಂಗಿಯೂ ನೋಡಿದೆವು. ಮಂಚ ಅಗಲವಾಗಿತ್ತು. ಆದರೆ ಕಿಟಕಿಯಿಂದ ಟ್ರಕ್ಕುಗಳು ಬಿಟ್ಟು ಬೇರೇನೂ ಕಾಣಲಿಲ್ಲ. ರಾತ್ರಿ ಊಟಕ್ಕೆ ಕಾರಿನಲ್ಲಿ ಕೂತು ಪಿಜ್ಜಾ ತಿಂದು ಬಂದೆವು. ಮುಂದಿನ ತಿಂಗಳು ಏನೂ ಚರ್ಚೆ ಮಾಡದೆ ಮತ್ತೆ ಇಟಾಲಿಯನ್ ಮನೆಗೇ ಹೋದೆವು.

ಯಾಕೆಂದು ನನಗೆ ಆಗಲೇ ಗೊತ್ತಿತ್ತು. ಅಲ್ಲಿ ನಾವು ಎದುರುಬದುರು ಕೂತು ಎರಡು ಗಂಟೆ ಊಟ ಮಾಡುತ್ತಿದ್ದೆವು. ಮದುವೆಯಾಗಿ ಹದಿನಾಲ್ಕು ವರ್ಷದಲ್ಲಿ ಹಾಗೆ ಕೂತದ್ದೇ ಇರಲಿಲ್ಲ. ಮನೆಯಲ್ಲಿ ನಾನು ಬಡಿಸುವುದು, ಅವರು ಟೀವಿ ನೋಡುತ್ತ ತಿನ್ನುವುದು, ಮಗಳು ತಟ್ಟೆ ಹಿಡಿದು ಮೆಟ್ಟಿಲು ಹತ್ತುವುದು. ಇಲ್ಲಿಗೆ ಬರುವಾಗ ನಾನು ಒಳ್ಳೆಯ ಸ್ವೆಟರ್ ಹುಡುಕಿ ಹಾಕಿಕೊಳ್ಳುತ್ತಿದ್ದೆ. ಅವರು ದಾರಿಯಲ್ಲಿ ನನಗೆ ಹೇಳಬೇಕೆಂದು ಯೋಚಿಸಿಟ್ಟುಕೊಂಡದ್ದನ್ನೆಲ್ಲ ಒಂದೊಂದಾಗಿ ಹೇಳುತ್ತಿದ್ದರು. ಲಿಸ್ಲ್‌ನ ಟೈಮ್ ನಮ್ಮ ಮಿಶಿಗನ್ನಿಗಿಂತ ಒಂದು ಗಂಟೆ ಹಿಂದೆ. ಅದನ್ನು ಮರೆತು ಅವರು ಯಾವಾಗಲೂ ತಡವಾಗಿ ಬರುವುದು, ನಾನು ಕಿಟಕಿಯ ಹತ್ತಿರ ಕಾಯುವುದು. ಹೊರಗೆ ಅವರಿದ್ದ ಇಲಿನಾಯ್ ರಾಜ್ಯದ ನಂಬರ್ ಪ್ಲೇಟಿನ ಕಾರು ಕಂಡರೆ ಎದ್ದು ನಿಲ್ಲುತ್ತಿದ್ದೆ.

ಸೆಪ್ಟೆಂಬರ್ ಬಂತು. ಆ ಕಡೆಯ ಕಪ್ಪು ದ್ರಾಕ್ಷಿ ಹಣ್ಣಾದಾಗ ಎಕ್ಸಿಟ್ ಇಳಿಯುತ್ತಲೇ ಕಾರಿನೊಳಗೆಲ್ಲ ಜ್ಯಾಮಿನ ವಾಸನೆ ತುಂಬಿಕೊಳ್ಳುತ್ತದೆ. ಆ ಭಾನುವಾರ ಬೆಳಿಗ್ಗೆ ಗಂಡ ಇನ್ನೂ ಮಲಗಿದ್ದರು. ನಾನು ರಸ್ತೆಯ ತುದಿಯ ಅಂಚೆಡಬ್ಬಿಯ ಹತ್ತಿರ ಹೋಗಿ ಮಗಳಿಗೆ ಫೋನ್ ಮಾಡಿ ಬಂದೆ. ಮನೆಯೊಳಗೆ ಸಿಗ್ನಲ್ ಸಿಗುತ್ತಿರಲಿಲ್ಲ. ವಾಪಸ್ಸು ಬರುವಾಗ ಅಡುಗೆಮನೆಯ ಬಾಗಿಲು ತೆರೆದಿತ್ತು. ಯಜಮಾನಿ ಬಟ್ಟಲಿನಲ್ಲಿ ದ್ರಾಕ್ಷಿಯ ಸಿಪ್ಪೆ ಬಿಡಿಸುತ್ತಿದ್ದಳು. ಇವತ್ತು ಕೇಳಿಯೇಬಿಡೋಣ ಎಂದು ಒಳಗೆ ಹೋದೆ. ನಮ್ಮಿಬ್ಬರ ಮಾತು ಇಂಗ್ಲಿಷಿನಲ್ಲಿ ನಡೆಯಿತು. ಆಕೆಯ ಇಂಗ್ಲಿಷು ತುಂಡುತುಂಡು.

"ನಮ್ಮನ್ನ ಯಾಕೆ ಯಾವಾಗಲೂ ಆ ಮೂಲೆಯ ಮೇಜಿನಲ್ಲಿ ಕೂರಿಸ್ತೀರಿ?" ಎಂದೆ. ನನ್ನ ಧ್ವನಿ ನಾನಂದುಕೊಂಡದ್ದಕ್ಕಿಂತ ಜೋರಾಗಿತ್ತು.

ಆಕೆ ಕೈ ಒರೆಸಿಕೊಂಡಳು. ಬಾಗಿಲು ಮುಚ್ಚಿ ಬಂದಳು.

"ದೊಡ್ಡ ಮೇಜಿನಲ್ಲಿ ಊರಿನವರು ಕೂರ್ತಾರೆ. ಪ್ರಶ್ನೆ ಕೇಳ್ತಾರೆ. ನಿನಗೆ ಕಷ್ಟ ಆಗಬಾರದು ಅಂತ."

"ನನಗೇನು ಕಷ್ಟ?"

ಆಕೆ ನನ್ನನ್ನೇ ನೋಡಿದಳು. ಆಮೇಲೆ ಕೇಳಿದಳು, "ನಿನ್ನ ಗಂಡನಿಗೆ ಗೊತ್ತಾ?"

"ಏನು ಗೊತ್ತಾ?"

"ನೀನು ಇಲ್ಲಿಗೆ ಬರೋದು."

"ಅವರು ಮೇಲೆ ಮಲಗಿದ್ದಾರಲ್ಲ," ಎಂದೆ.

"ಅವನಲ್ಲ. ನಿನ್ನ ಗಂಡ."

ಆಗ ಹೊಳೆಯಿತು. ನಗು ಬಂತೋ ಅಳು ಬಂತೋ ಗೊತ್ತಾಗದ ಹಾಗೆ ಸ್ಟೂಲಿನ ಮೇಲೆ ಕೂತುಬಿಟ್ಟೆ. ಆಕೆ ಗಾಬರಿಯಾಗಿ ನೀರು ಕೊಟ್ಟಳು. ಆಮೇಲೆ ತನ್ನ ತಿಳುವಳಿಕೆಯನ್ನೆಲ್ಲ ಒಪ್ಪಿಸಿದಳು. ಇಬ್ಬರೂ ಬೇರೆ ಬೇರೆ ಕಾರಿನಲ್ಲಿ ಬರುತ್ತೀರಿ, ಬೇರೆ ಬೇರೆ ರಾಜ್ಯದಿಂದ. ಹೋಗುವಾಗ ಒಬ್ಬರು ಎಡಕ್ಕೆ, ಒಬ್ಬರು ಬಲಕ್ಕೆ. ಲೈಸೆನ್ಸಿನಲ್ಲಿ ಹೆಸರು ಬೇರೆ. ಬೆರಳಲ್ಲಿ ಉಂಗುರವಿಲ್ಲ. ಊಟಕ್ಕೆ ಕೂತರೆ ಮಾತು ಮುಗಿಯುವುದಿಲ್ಲ. ಬೆಳಿಗ್ಗೆ ನೀನೊಬ್ಬಳೇ ರಸ್ತೆಗೆ ಹೋಗಿ ಯಾವುದೋ ಮಗುವಿನ ಹತ್ತಿರ ಮಾತಾಡಿ ಬರುತ್ತೀಯ, ಅವನು ಬರುವುದಿಲ್ಲ.

ಒಂದೊಂದೂ ನಿಜ. ಅವರ ಪಾಸ್‌ಪೋರ್ಟಿನಲ್ಲಿ ಅವರ ಊರಿನ ಹೆಸರು ಸರ್‌ನೇಮ್ ಆಗಿ ಕೂತಿತ್ತು, ನನ್ನದರಲ್ಲಿ ನನ್ನ ಅಪ್ಪನ ಹೆಸರು. ಮದುವೆಯಾದ ಮೇಲೆ ಬದಲಾಯಿಸಲು ಯಾರಿಗೂ ಪುರುಸೊತ್ತಾಗಿರಲಿಲ್ಲ. ಅದನ್ನು ವಿವರಿಸಿದೆ. ಆಕೆಗೆ ನಂಬಿಕೆ ಬಂದ ಹಾಗೆ ಕಾಣಲಿಲ್ಲ. ಸ್ವೆಟರಿನೊಳಗಿಂದ ಮಾಂಗಲ್ಯ ಎಳೆದು ತೋರಿಸಿದೆ. "ಚೆನ್ನಾಗಿದೆ," ಎಂದಳು, ಯಾವುದೋ ಒಡವೆ ನೋಡಿದ ಹಾಗೆ. ಇನ್ನೇನು ಮಾಡಲಿ, ಬಗ್ಗಿ ಶೂ ಬಿಚ್ಚಿ, ಕಾಲುಚೀಲ ಕಳಚಿ, ಕಾಲುಂಗುರ ತೋರಿಸಿದೆ.

"ಕಾಲಿಗೆ!" ಎಂದಳು.

"ಮದುವೆಯ ದಿನ ಹಾಕಿದ್ದು. ಹಾಕಿದವರೇ ಮೇಲೆ ಮಲಗಿರೋದು."

ಆಕೆ ತನ್ನ ಗಂಡನನ್ನು ಇಟಾಲಿಯನ್ನಿನಲ್ಲಿ ಕೂಗಿದಳು. ಆತ ಬಂದು ನನ್ನ ಕಾಲು ನೋಡಿ, ಹೆಂಡತಿಯ ಮುಖ ನೋಡಿ, ಹೊಟ್ಟೆ ಹಿಡಿದುಕೊಂಡು ನಗತೊಡಗಿದ. ಆ ಗದ್ದಲಕ್ಕೆ ನನ್ನ ಗಂಡ ಎದ್ದು, ಕೆದರಿದ ಕೂದಲಲ್ಲೇ ಕೆಳಗಿಳಿದು ಬಂದರು. ನಾನು ಒಂದು ಕಾಲಿಗೆ ಶೂ ಇಲ್ಲದೆ ಕೂತಿದ್ದೆ.

"ಏನಾಯ್ತೇ? ಬಿದ್ಯಾ?"

"ನಾನು ನಿಮ್ಮ ಜೊತೆ ಓಡಿಬಂದಿದೀನಂತೆ ಕಣ್ರೀ," ಎಂದೆ ಕನ್ನಡದಲ್ಲಿ.

ವಿಷಯ ಗೊತ್ತಾದಮೇಲೆ ಅವರ ಕಿವಿಗಳೆಲ್ಲ ಕೆಂಪಾದವು. ಯಜಮಾನಿ ಈಗ ಅವರ ಮೇಲೆ ತಿರುಗಿದಳು. ಹೆಂಡತಿಗೆ ಕತ್ತಿಗೊಂದು ಕಾಲಿಗೊಂದು ಹಾಕಿದ್ದೀಯಲ್ಲ, ನಿನಗೇನಿದೆ ಎಂದು ಕೇಳಿದಳು. ಮದುವೆಯಾದವರಿಗೆ ಜನಿವಾರದಲ್ಲಿ ಮೂರೆಳೆ ಹೆಚ್ಚು ಎಂದು ಹೇಳಬಹುದಿತ್ತು, ಆದರೆ ಅದನ್ನೂ ಅವರು ಯಾವಾಗಲೋ ತೆಗೆದು ದೇವರ ಮುಂದೆ ಇಟ್ಟು ಮರೆತಿದ್ದರು. ತಲೆ ಕೆರೆದುಕೊಂಡು ನಿಂತರು.

ಆಕೆ ಕ್ಷಮೆ ಕೇಳಲಿಲ್ಲ. ಆದರೆ ಇಬ್ಬರಿಗೂ ಕಾಫಿ ಇಟ್ಟು, ಒಂದು ಕಡೆ ಇರಲಿಕ್ಕೆ ಯಾಕಾಗುವುದಿಲ್ಲ ಎಂದು ವಿಚಾರಿಸಿದಳು. ಕೆಲಸ, ಇನ್ಶೂರೆನ್ಸ್, ಮಾರದ ಮನೆ, ಮಗಳ ಸ್ಕೂಲು ಎಲ್ಲ ಹೇಳಿದೆವು. ಕೇಳಿಸಿಕೊಂಡು, "ಮುಂದಿನ ಸಲ ಮಗುವನ್ನ ಕರ್ಕೊಂಡು ಬಾ," ಎಂದಳು.

ದಾರಿಯಲ್ಲಿ ಒಬ್ಬಳೇ ಡ್ರೈವ್ ಮಾಡುವಾಗ ಮತ್ತೆ ಮತ್ತೆ ನಗು ಬರುತ್ತಿತ್ತು. ಜೊತೆಗೆ ಇನ್ನೊಂದು ಯೋಚನೆಯೂ ಬಂತು. ಊಟಕ್ಕೆ ಕೂತು ಮಾತು ಮುಗಿಯದ ಗಂಡಸು ಹೆಂಗಸನ್ನು ಕಂಡು, ಇವರು ಗಂಡಹೆಂಡತಿಯಾಗಿರಲಾರರು ಎಂದುಕೊಂಡಳಲ್ಲ ಆಕೆ. ನಮ್ಮನ್ನು ರಾಚೆಸ್ಟರ್ ಹಿಲ್ಸ್‌ನ ಮನೆಯಲ್ಲಿ ನೋಡಿದ್ದರೆ ಯಾವ ಅನುಮಾನವೂ ಬರುತ್ತಿರಲಿಲ್ಲ.

ಮಗಳನ್ನು ಅಕ್ಟೋಬರಿನಲ್ಲಿ ಕರೆದುಕೊಂಡು ಹೋದೆ. ದಾರಿಯುದ್ದಕ್ಕೂ ಕಿವಿಗೆ ಹಾಡು ಹಾಕಿಕೊಂಡು ಮುಖ ಊದಿಸಿಕೊಂಡಿದ್ದಳು. ನಮಗೆ ಅಗಲ ಮಂಚದ ಕೋಣೆ ಕೊಟ್ಟರು, ಅವಳಿಗೆ ಒಂದು ಒಂಟಿ ಮಂಚ ತಂದು ಹಾಕಿದರು. ಊಟಕ್ಕೆ ಉದ್ದ ಮೇಜಿನ ನಟ್ಟನಡುವೆ ಜಾಗ. ಒಂದು ಕಡೆ ಸೇಬಿನ ತೋಟದ ಗಂಡಹೆಂಡತಿ, ಇನ್ನೊಂದು ಕಡೆ ಫ್ಯಾಕ್ಟರಿ ಮುಚ್ಚಿ ಕೆಲಸ ಕಳೆದುಕೊಂಡು ಈಗ ಸ್ಕೂಲ್ ಬಸ್ ಓಡಿಸುತ್ತಿದ್ದ ಒಬ್ಬಾತ. ಯಜಮಾನಿ ನಮ್ಮನ್ನು ಎಲ್ಲರಿಗೂ ಪರಿಚಯಿಸಿದಳು. ನನ್ನ ಕಾಲುಂಗುರದ ಕತೆಯನ್ನೂ ಹೇಳಿಬಿಟ್ಟಳು. ಮೇಜಿನ ತುಂಬ ನಗು. ಮಗಳಿಗೆ ಮಾತ್ರ ಅರ್ಥವಾಗಲಿಲ್ಲ, ನಾವು ಅರ್ಥಮಾಡಿಸಲೂ ಇಲ್ಲ.

ಮಲಗುವ ಮುಂಚೆ ಹಲ್ಲುಜ್ಜುತ್ತ ಅವಳು ಹೇಳಿದಳು, "ಯೂ ಗಾಯ್ಸ್ ಆರ್ ಸೋ ವಿಯರ್ಡ್ ಹಿಯರ್."

"ಯಾಕೇ? ಏನ್ ಮಾಡಿದ್ವಿ?"

"ಐ ಡೋಂಟ್ ನೋ. ಯೂ ಟಾಕ್ ಟು ಈಚ್ ಅದರ್."

ಅವಳು ದೂರಲಿಲ್ಲ, ಕಂಡದ್ದನ್ನು ಹೇಳಿದಳಷ್ಟೆ.

ಮಾರ್ಚಿನಲ್ಲಿ ಲಿಸ್ಲ್‌ನ ಕಂಪನಿ ಅವರ ಕೆಲಸವನ್ನು ಪರ್ಮನೆಂಟ್ ಮಾಡಿತು. ಆ ಸುದ್ದಿಯನ್ನು ಅವರು ಫೋನಿನಲ್ಲಿ ಹೇಳದೆ ಇಟ್ಟುಕೊಂಡು, ಇಟಾಲಿಯನ್ ಮನೆಯ ಹಿಂದಿನ ತೋಟದಲ್ಲಿ ನಡೆಯುವಾಗ ಹೇಳಿದರು. ಹಿಮ ಕರಗಿ ಸಾಲುಗಳ ನಡುವೆ ಬರೀ ಕೆಸರು. ಬಳ್ಳಿಗಳನ್ನು ಗಿಡ್ಡ ಮಾಡಿ ಕತ್ತರಿಸಿದ್ದರು.

"ಈಗ ಬಂದ್ಬಿಡಿ ನೀವಿಬ್ರೂ," ಎಂದರು.

"ಬಂದ್ಬಿಡಿ ಅಂದ್ರೆ? ನನ್ನ ಕೆಲಸ?"

"ಅಲ್ಲೂ ಆಸ್ಪತ್ರೆಗಳಿವೆ. ಅಪ್ಲೈ ಮಾಡು."

"ಹೇಳೋದು ಸುಲಭ. ಹನ್ನೊಂದು ವರ್ಷದಿಂದ ಇರೋ ಕೆಲಸ ರೀ ಅದು. ನೀವು ಬೀದಿಗೆ ಬಿದ್ದಾಗ ಮನೆ ನಡೆದದ್ದು ಅದರಿಂದ."

ಬೀದಿಗೆ ಬಿದ್ದಾಗ ಎಂಬ ಮಾತು ನನ್ನ ಬಾಯಿಂದ ಬಂದಾಯಿತು. ಅವರು ನಿಂತುಬಿಟ್ಟರು. ಆಮೇಲೆ ಆದದ್ದು ಒಂದೂವರೆ ವರ್ಷದಿಂದ ಮುಂದೂಡಿದ್ದ ಜಗಳ. ತಾನು ಆ ಅಪಾರ್ಟ್‌ಮೆಂಟಿನಲ್ಲಿ ಒಬ್ಬನೇ ಅನ್ನ ಮೊಸರು ತಿಂದದ್ದು, ಜ್ವರ ಬಂದಾಗ ಹೇಳದೇ ಇದ್ದದ್ದು, ಎಲ್ಲ ಹೊರಗೆ ಬಂತು. ನಾನು ಒಬ್ಬಳೇ ಡ್ರೈವ್‌ವೇಯ ಹಿಮ ತೆಗೆದದ್ದು, ಬೇಸ್‌ಮೆಂಟಿಗೆ ನೀರು ನುಗ್ಗಿದ್ದು, ಮಗಳು ದೊಡ್ಡವಳಾದದ್ದು, ಇವೆಲ್ಲ ಬಂದವು. ಕನ್ನಡದಲ್ಲೇ, ಸಾಕಷ್ಟು ಜೋರಾಗಿ. ತೋಟದಲ್ಲಿ ಯಾರೂ ಇಲ್ಲ ಎಂದುಕೊಂಡಿದ್ದೆವು. ಅಡುಗೆಮನೆಯ ಕಿಟಕಿ ತೆರೆದಿತ್ತು.

ರಾತ್ರಿ ಊಟಕ್ಕೆ ಇಬ್ಬರೂ ಮುಖ ಬಿಗಿದುಕೊಂಡು ಕೂತೆವು. ಯಜಮಾನಿ ತಟ್ಟೆ ಇಟ್ಟು, ಈ ಸಲ ಹೋಗದೆ ನಿಂತಳು.

"ಇವತ್ತು ಪೂರ್ತಿ ನಂಬಿಕೆ ಬಂತು," ಎಂದಳು. "ಕಾಲಿನ ಉಂಗುರ ನೋಡಿದಾಗ ಅರ್ಧ ನಂಬಿದ್ದೆ."

ಗಂಡನಿಗೆ ಮೊದಲು ನಗು ಬಂತು. ನಾನು ತಡೆದುಕೊಂಡೆ, ಆದರೆ ಬಹಳ ಹೊತ್ತು ಆಗಲಿಲ್ಲ. ಜಗಳ ಅಲ್ಲಿಗೇ ಮುಗಿಯಲಿಲ್ಲ, ಆಮೇಲೂ ಎರಡು ಮೂರು ವಾರ ಫೋನಿನಲ್ಲಿ ನಡೆಯಿತು. ಆದರೆ ಮಾತಿನ ಕಾವು ಇಳಿದಿತ್ತು. ನಾನು ಲಿಸ್ಲ್ ಪಕ್ಕದ ನೇಪರ್‌ವಿಲ್ ಕಡೆಯ ಆಸ್ಪತ್ರೆಗಳಿಗೆ ಅಪ್ಲೈ ಮಾಡಿದೆ. ಒಂದರಲ್ಲಿ ಇಂಟರ್‌ವ್ಯೂ ಆಯಿತು, ಮೇ ಕೊನೆಗೆ ಕೆಲಸ ಸಿಕ್ಕಿತು, ಹಿಂದಿನದಕ್ಕಿಂತ ಸ್ವಲ್ಪ ಕೆಳಗಿನ ಹುದ್ದೆ. ಒಪ್ಪಿಕೊಂಡೆ. ಮನೆಯನ್ನು ಆಂಧ್ರದ ಒಂದು ಕುಟುಂಬಕ್ಕೆ ಬಾಡಿಗೆಗೆ ಕೊಟ್ಟೆವು. ಮಗಳು ಹದಿನೈದು ದಿನ ನನ್ನ ಹತ್ತಿರ ಮಾತು ಬಿಟ್ಟಿದ್ದಳು. ಹೊರಡುವ ದಿನ ಪಕ್ಕದ ಬೀದಿಯ ಆಂಟಿ ಪುಳಿಯೋಗರೆ ಕಟ್ಟಿಕೊಟ್ಟರು, ಅವಳನ್ನು ತಬ್ಬಿಕೊಂಡು ಅತ್ತರು. ಅವಳೂ ಅತ್ತಳು. ಕಾರು ಬೀದಿ ದಾಟುವವರೆಗೆ ನಾನೂ ಕನ್ನಡಿಯಲ್ಲಿ ಆಂಟಿಯನ್ನೇ ನೋಡುತ್ತಿದ್ದೆ.

ಸಾಮಾನಿನ ಟ್ರಕ್ಕು ಮುಂದೆ ಹೋಗಿತ್ತು. ನಾವು ಎರಡು ಕಾರಿನಲ್ಲಿ ಒಂದೇ ದಿಕ್ಕಿಗೆ ಹೊರಟೆವು. ಮಧ್ಯಾಹ್ನ ಇಟಾಲಿಯನ್ ಮನೆಯಲ್ಲಿ ನಿಲ್ಲಿಸಿದರೆ ಅಂದು ವಾರದ ರಜೆ, ಊಟದ ಹಾಲ್ ಮುಚ್ಚಿತ್ತು. ಯಜಮಾನಿ ಗಂಬೂಟು ಹಾಕಿಕೊಂಡು ಟೊಮೇಟೊ ಸಸಿಗಳಿಗೆ ಕಡ್ಡಿ ಕಟ್ಟುತ್ತಿದ್ದಳು. ಹಿಂದಿನ ಮೆಟ್ಟಿಲಿನ ಮೇಲೆ ಕೂರಿಸಿ, ಮನೆಯವರಿಗೆಂದು ಮಾಡಿದ್ದ ಬ್ರೆಡ್ಡು, ಸೊಪ್ಪಿನ ಪಲ್ಯ ಕೊಟ್ಟಳು. ಆಂಟಿಯ ಪುಳಿಯೋಗರೆ ಬಿಚ್ಚಿ ಆಕೆಗೂ ಹಾಕಿದೆವು. ಖಾರಕ್ಕೆ ಕಣ್ಣಲ್ಲಿ ನೀರು ಬಂದರೂ ಬಿಡದೆ ತಿಂದಳು. ಯಜಮಾನ ಮೊಣಕಾಲಿನ ಆಪರೇಷನ್ನಿಗೆ ಆಸ್ಪತ್ರೆಯಲ್ಲಿದ್ದ. ಈ ವರ್ಷ ಕೊಯ್ಲು ಯಾರು ಮಾಡುತ್ತಾರೋ ಎಂದಳು. ಮಗ ಕ್ಯಾಲಿಫೋರ್ನಿಯಾದಿಂದ ಬಂದು ತೋಟ ಮಾರು ಎನ್ನುತ್ತಿದ್ದಾನೆ ಎಂದೂ ಹೇಳಿದಳು.

ಆಮೇಲೆ ನಾವು ಅಲ್ಲಿಗೆ ಹೋದದ್ದು ಒಂದೇ ಸಲ, ಅದೇ ವರ್ಷದ ಶರತ್ಕಾಲದಲ್ಲಿ. ಮರುವರ್ಷ ಕೋಣೆ ಬೇಕೆಂದು ಫೋನ್ ಮಾಡಿದಾಗ ಬೇರೆ ಯಾರೋ ಎತ್ತಿ, ಇಲ್ಲಿ ಈಗ ಮದುವೆ ಪಾರ್ಟಿಗಳು ಮಾತ್ರ ನಡೆಯುತ್ತವೆ, ತಂಗುವವರಿಗೆ ವ್ಯವಸ್ಥೆಯಿಲ್ಲ ಎಂದರು. ಹಳೆಯವರು ಮಗನ ಹತ್ತಿರ ಹೋದರಂತೆ. ಅವರ ನಂಬರು ಕೇಳಿದೆ, ಫೋನ್ ಎತ್ತಿದವರ ಬಳಿ ಇರಲಿಲ್ಲ.

ಲಿಸ್ಲ್‌ನಲ್ಲಿ ನಮ್ಮ ಶನಿವಾರಗಳು ದಿನಸಿ ಅಂಗಡಿ, ಲಾಂಡ್ರಿ, ಮಗಳ ಹೊಸ ಈಜು ತಂಡ, ಇವುಗಳಲ್ಲಿ ಕಳೆಯತೊಡಗಿದವು. ಊಟದ ಹೊತ್ತಿಗೆ ಟೀವಿಯೂ ಮತ್ತೆ ಶುರುವಾಯಿತು. ಒಂದು ದಿನ ಮಗಳೇ ರಿಮೋಟ್ ತೆಗೆದುಕೊಂಡು ಆಫ್ ಮಾಡಿ, ತಟ್ಟೆ ಹಿಡಿದು ನಮ್ಮೆದುರು ಕೂತಳು. ಯಾಕೆಂದು ನಾವು ಕೇಳಲಿಲ್ಲ. ಸ್ಕೂಲಿನಲ್ಲಿ ಒಬ್ಬಳು ಹೊಸ ಗೆಳತಿ ಸಿಕ್ಕಿದ್ದಾಳೆ, ಅವಳಿಗೆ ಎರಡು ನಾಯಿಗಳಿವೆ ಎಂದು ಹೇಳತೊಡಗಿದಳು, ನಾವಿಬ್ಬರೂ ಕೇಳುತ್ತ ಊಟ ಮಾಡಿದೆವು.